ಯಾರೂ ಇಲ್ಲದ ಗೊಂಬೆ ಮನೆ

ಹೊಳೆ ದಂಡೆಯ ಮೇಲೆ ಅಕ್ಕಯ್ಯಮ್ಮನವರ ಮನೆ. ಹಿಂದೆ ಒಂದು ಬಾವಿ, ಮುಂದೆ ಒಂದು ಹೊಂಗೆ ಮರ. ಅಷ್ಟು ಸಾಕು, ಹೆಚ್ಚು ಹೇಳಿದರೆ ಅವರಿಗೂ ಹಿಡಿಸುತ್ತಿರಲಿಲ್ಲ.

ಅಕ್ಕಯ್ಯಮ್ಮನವರು ಗೊಂಬೆ ಮನೆ ಮಾಡುವವರು. ನವರಾತ್ರಿಗೆ ಗೊಂಬೆ ಕೂರಿಸುವವರು ಕೆಳಗಿನ ಮೆಟ್ಟಿಲ ಪಕ್ಕ ಇಡುತ್ತಾರಲ್ಲ, ಒಂದೂವರೆ ಮೊಳ ಎತ್ತರದ ಮನೆ, ಅದು. ಒಳಗೆ ಪಡಸಾಲೆ, ಅಡುಗೆಮನೆ, ದೇವರ ಗೂಡು. ಅಡುಗೆಮನೆಯಲ್ಲಿ ಒಲೆ, ಒಲೆಯ ಮೇಲೆ ಮಡಕೆ, ಮಡಕೆಗೆ ಮುಚ್ಚಳ.

ಇಂಥ ಕೆಲಸ ಮಾಡುವವರಿಗೆ ತಾಳ್ಮೆ ಜಾಸ್ತಿ ಅಂತ ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ಅಕ್ಕಯ್ಯಮ್ಮನವರಿಗೆ ಮೂಗಿನ ತುದಿಯಲ್ಲೇ ಕೋಪ.

ಅವರಿಗೆ ಶಿಷ್ಯ ಒಬ್ಬನೇ, ಚೆನ್ನಂಜ. ಎರಡು ವರ್ಷದ ಕೂಸಾಗಿದ್ದಾಗ ಯಾರೋ ಒಬ್ಬ ಮುದುಕ ಅವನನ್ನು ಮಠದ ಅನಾಥಾಲಯದಲ್ಲಿ ಬಿಟ್ಟು ಹೋಗಿದ್ದ. ಹದಿಮೂರಾದಾಗ ಮಠದ ಸ್ವಾಮಿಗಳು, "ಈ ಹುಡುಗನ ಕೈ ಸುಮ್ಮನಿರಲ್ಲ ತಾಯಿ, ಸೋಪು ಕೆತ್ತುತಾನೆ, ಸೀಮೆಸುಣ್ಣ ಕೆತ್ತುತಾನೆ, ನೀವೇ ಇಟ್ಕೊಳ್ಳಿ" ಅಂತ ಇಲ್ಲಿಗೆ ಕಳಿಸಿದರು.

ಈಗ ಅವನಿಗೆ ಇಪ್ಪತ್ತನಾಲ್ಕು.

ಕೈ ಅಂದರೆ ಕೈ ಅವನದು. ಬಳಪದ ಕಲ್ಲಿನಲ್ಲಿ ಹುಣಸೆ ಬೀಜದಷ್ಟು ಒರಳು ಕೆತ್ತುತ್ತಿದ್ದ. ಈಚಲ ಗರಿ ಸೀಳಿ ಉಗುರಿನಷ್ಟು ಮೊರ ಹೆಣೆಯುತ್ತಿದ್ದ. ಆ ಮೊರದಲ್ಲಿ ಗಸಗಸೆ ಕೇರಬಹುದಿತ್ತು. ನಾನು ಸುಮ್ಮನೆ ಹೊಗಳುವ ಪೈಕಿ ಅಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಅಕ್ಕಯ್ಯಮ್ಮನವರ ಕಡೆ ಒಂದು ಕಟ್ಟಳೆ ಇತ್ತು. ಶಿಷ್ಯನಾದವನು ಕೊನೆಗೆ ಒಂದು ಮನೆಯನ್ನು ತಾನೊಬ್ಬನೇ ಮಾಡಬೇಕು, ಗೋಡೆಯಿಂದ ಹಿಡಿದು ಸೌಟಿನವರೆಗೆ. ಅದು ಮಾರುವುದಕ್ಕಲ್ಲ, ಅವನಿಗೇ. ಗುರು ಅದನ್ನು ಒಪ್ಪಿದ ದಿನ ಅದನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗಿ ಸ್ವಂತ ಕೆಲಸಕ್ಕೆ ಕೂರಬೇಕು. ಪಳಗಿದ ಕೈ ಎರಡು ಒಂದೇ ಸೂರಿನ ಕೆಳಗೆ ಇರಬಾರದು ಅಂತ.

ಊರು ಬಿಡುವ ಚಿಂತೆ ಚೆನ್ನಂಜನಿಗೆ ಇರಲಿಲ್ಲ. ಅವನ ಆಸೆಯೇ ಬೇರೆ.

ಆ ಮನೆ ತಾನು ಹುಟ್ಟಿದ ಮನೆಯಾಗಬೇಕು. ಅದರದ್ದು ಒಂದು ಚೂರೂ ನೆನಪಿಲ್ಲ ಅವನಿಗೆ. ಮಾಡುತ್ತಾ ಮಾಡುತ್ತಾ ಕೈಗಾದರೂ ನೆನಪಾದೀತು ಅಂತ ನಂಬಿದ್ದ.

ನಾಲ್ಕು ತಿಂಗಳು ಕೂತು ಮಾಡಿದ. ಬಾಗಿಲಿಗೆ ಚಿಲಕ ಇಟ್ಟ, ಚಿಲಕಕ್ಕೆ ಸರಪಳಿ. ಹಗ್ಗದ ಮೇಲೆ ಬೆರಳಗಲದ ಸೀರೆ ಒಣಗಲು ಹಾಕಿದ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದ. ಒಲೆಯ ಪಕ್ಕ ಊದುಗೊಳವೆ ಒರಗಿಸಿದ. ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲು, ಬಟ್ಟಲಿನಲ್ಲಿ ನಿಜವಾದ ಕುಂಕುಮ.

"ಅಮ್ಮಾವ್ರೆ, ಮುಗೀತು," ಅಂದ.

ಅಕ್ಕಯ್ಯಮ್ಮನವರು ಬಂದು ನೆಲದ ಮೇಲೆ ಬೋರಲು ಮಲಗಿದರು. ಎಪ್ಪತ್ತು ದಾಟಿದ ಹೆಂಗಸು ಹಾಗೆ ಮಲಗುವುದು ಕಂಡರೆ ನಗು ಬರುತ್ತದೆ, ಆದರೆ ಅವರು ಮನೆ ನೋಡುವ ರೀತಿಯೇ ಅದು. ಕೆನ್ನೆ ನೆಲಕ್ಕಿಟ್ಟು, ಒಂದು ಕಣ್ಣು ಮುಚ್ಚಿ, ಮುಂಬಾಗಿಲಿಂದ ಒಳಗೆ ನೋಡಬೇಕು. ಮನೆಗೆ ಬಂದ ನೆಂಟರು ನೋಡುವ ಹಾಗೆ.

ಬಹಳ ಹೊತ್ತು ನೋಡಿದರು.

"ಯಾರೂ ಇಲ್ಲ," ಅಂದರು.

"ಗೊಂಬೆ ಇಡಬೇಕಾ? ಎರಡು ದಿನ ಕೊಡಿ, ಅಪ್ಪ ಅಮ್ಮ ಇಬ್ಬರನ್ನೂ ಕೆತ್ತಿಬಿಡ್ತೀನಿ."

"ಗೊಂಬೆ ಇಟ್ಟುಬಿಟ್ರೆ ಜನ ಇದ್ದ ಹಾಗಾಯ್ತೇನೋ?"

"ಮತ್ತೆ?"

ಅವರು ಎದ್ದು, ಸೊಂಟ ಹಿಡಿದುಕೊಂಡು, ಅಟ್ಟದ ಮೇಲಿದ್ದ ತಮ್ಮದೇ ಹಳೆಯ ಮನೆಯೊಂದನ್ನು ಇಳಿಸಿದರು.

"ಮಲಗು. ನೋಡು."

ಚೆನ್ನಂಜ ಮಲಗಿ ನೋಡಿದ. ಒಲೆಯ ಮೇಲಿನ ಗೋಡೆಗೆ ಮಸಿ ಹತ್ತಿತ್ತು. ಹೊಸ್ತಿಲು ನಡುವೆ ಸವೆದಿತ್ತು. ಕಿಟಕಿಯ ಕೆಳಗೆ ಗೋಡೆಯ ಮೇಲೆ ಬಿಳೀ ಗೀರುಗಳು, ಕೂದಲೆಳೆಯಷ್ಟು, ನಾಲ್ಕೋ ಐದೋ.

"ಇದೇನು ಗೀರು?"

"ನೀನೇ ಹೇಳು."

ಅವನು ಯೋಚಿಸಿದ. ಗೊತ್ತಾಗಲಿಲ್ಲ.

"ಎಲೆ ಅಡಿಕೆ ಹಾಕೋ ಮುದುಕಿ ಕಣೋ. ಆ ಕಿಟಕಿ ಪಕ್ಕಾನೇ ಕೂರ್ತಾಳೆ. ಎಲೆಗೆ ಸುಣ್ಣ ಹಚ್ಚಿ ಬೆರಳು ಗೋಡೆಗೆ ಒರಸ್ತಾಳೆ. ಸೊಸೆ ದಿನಾ ಬೈಕೊಳ್ತಾಳೆ. ಇವಳು ದಿನಾ ಒರಸ್ತಾಳೆ."

ಚೆನ್ನಂಜನಿಗೆ ಮುದುಕಿ ಕಂಡಳು. ಸೊಸೆಯೂ ಕಂಡಳು. ಗೊಂಬೆ ಒಂದೂ ಇರಲಿಲ್ಲ.

ಅವನು ಎದ್ದು ಕೂತ. 

"ಅಮ್ಮಾವ್ರೆ, ಇದು ನನಗೆ ಗೊತ್ತಿಲ್ಲ. ಮಠದಲ್ಲಿ ನಲವತ್ತು ಹುಡುಗರು, ಮಲಗೋಕೆ ಒಂದೇ ಹಜಾರ. ಬೆಳಗಾದ್ರೆ ಚಾಪೆ ಸುತ್ತಿ ಇಡಬೇಕು. ನನ್ನ ಚಾಪೆ ಯಾವುದು ಅಂತಾನೂ ಇರ್ಲಿಲ್ಲ, ಕೈಗೆ ಸಿಕ್ಕಿದ್ದು ನಂದು. ಮನೇಲಿ ಜನ ಏನೇನು ಗುರುತು ಬಿಡ್ತಾರೆ, ನನಗೇನು ಗೊತ್ತು?"

"ಗೊತ್ತಿಲ್ದೆ ಇದ್ರೆ ನೋಡ್ಕೊಂಡು ಬಾ. ಊರು ತುಂಬ ಮನೆ ಇದಾವೆ."

ಚೆನ್ನಂಜ ಹೊರಟ. ನೀರು ಕೇಳುವ ನೆಪ, ದಾರಿ ಕೇಳುವ ನೆಪ, ಗೊಂಬೆ ಸಾಮಾನು ತೋರಿಸುವ ನೆಪ. ಯಾರು ಒಳಗೆ ಕರೆದರೂ ಹೋಗಿ ಕೂತು ಗೋಡೆ ನೋಡಿದ. ಒಂದು ಮನೆಯಲ್ಲಿ ಗೋಡೆಯ ಹತ್ತಿರ ಮುಖ ಇಟ್ಟು ನೋಡುತ್ತಿದ್ದಾಗ ಆ ಮನೆಯ ಹೆಂಗಸು, "ಯಾಕಪ್ಪಾ, ಗೋಡೆ ಮೂಸ್ತಿದೀಯಾ? ಹುಷಾರಾಗಿದೀಯ ತಾನೆ?" ಅಂದಳು. ಪಾಪ, ಅವನು ನೀರು ಕುಡಿದು ಎದ್ದು ಬಂದ.

ಹದಿನೈದು ದಿನ ಸುತ್ತಿದ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ಬಂದು ಕೂತು ಒಂದೊಂದನ್ನೇ ತನ್ನ ಮನೆಗೆ ಇಳಿಸಿದ.

ಹೊಸ್ತಿಲು ಉಜ್ಜಿ ಸವೆಸಿದ. ಒಲೆಯ ಮೇಲೆ ಮಸಿ ಹಿಡಿಸಿದ. ಕಂಬಕ್ಕೆ ತಲೆ ಆನಿಸಿ ಆನಿಸಿ ಆಗುವ ಎಣ್ಣೆ ಕಲೆ. ಕಿಟಕಿಯ ಸರಳಿಗೆ ಯಾರೋ ಕಟ್ಟಿ ಮರೆತ ದಾರ. ಒಂದು ಮೆಟ್ಟಿಲಿನ ಮೂಲೆ ಒಡೆದ. ಗೋಡೆಗೆ ವೀಳ್ಯದ ಸುಣ್ಣ.

"ಈಗ ನೋಡಿ ಅಮ್ಮಾವ್ರೆ."

ಅಕ್ಕಯ್ಯಮ್ಮನವರು ಮಲಗಿದರು. ಒಂದು ಕಣ್ಣು ಮುಚ್ಚಿದರು. ನೋಡುತ್ತಾ ನೋಡುತ್ತಾ ಅವರ ಮುಖ ಗಂಟಾಯಿತು.

"ಅಯ್ಯೋ ನಿನ್ನ! ಈ ಸುಣ್ಣ ಒರಸಿದೋಳು ಎಡಚಿ. ಈ ಕಂಬಕ್ಕೆ ಒರಗಿದೋನು ಆರಡಿ ಆಳು. ಹೊಸ್ತಿಲು ನೂರು ವರ್ಷ ಸವೆದಿದೆ, ಒಲೆಗೆ ಮಸಿ ಹತ್ತಿ ಎರಡು ತಿಂಗಳಾಗಿಲ್ಲ. ಇವರೆಲ್ಲ ಯಾರೋ? ಒಬ್ಬರಿಗೊಬ್ಬರು ಮುಖ ಪರಿಚಯಾನೂ ಇಲ್ಲ."

"ಎಲ್ಲಾ ಕಣ್ಣಾರೆ ನೋಡಿದ್ದೇ. ಒಂದೂ ಸುಳ್ಳಲ್ಲ."

"ಸುಳ್ಳು ಅಂದ್ನಾ? ಹತ್ತು ಮನೆ ಜನಾನ ತಂದು ಒಂದು ಮನೇಲಿ ಕೂರಿಸಿದೀಯ. ಇದು ಮನೆಯಲ್ಲ ಕಣೋ, ಛತ್ರ."

ಚೆನ್ನಂಜನಿಗೆ ಸಿಟ್ಟು ಬಂತು. ಹನ್ನೊಂದು ವರ್ಷದಲ್ಲಿ ಅವನು ಗುರುವಿನ ಮುಂದೆ ದನಿ ಎತ್ತಿದವನಲ್ಲ. ಅವತ್ತು ಎತ್ತಿದ.

"ಛತ್ರಾನೇ! ನನಗೆ ಗೊತ್ತಿರೋದು ಛತ್ರ ಒಂದೇ! ನಮ್ಮಪ್ಪ ಎತ್ತರ ಇದ್ನೋ ಕುಳ್ಳ ಇದ್ನೋ ನನಗೆ ಗೊತ್ತಾ? ನಮ್ಮವ್ವ ಎಡಚೀನೋ ಬಲಚೀನೋ ಯಾರನ್ನ ಕೇಳಲಿ? ಯಾರ ಕಲೆ ಹಾಕಲಿ ನಾನು?"

ಕೈಲಿದ್ದ ಉಳಿಯನ್ನು ಮಣೆಯ ಮೇಲೆ ಕುಕ್ಕಿದ.

ಅಕ್ಕಯ್ಯಮ್ಮನವರು ತಿರುಗಿ ಬೈಯಲಿಲ್ಲ. ಸೆರಗಿನಿಂದ ಕೆನ್ನೆಯ ಧೂಳು ಒರಸಿಕೊಂಡರು.

"ನನ್ನ ಬಿಟ್ಟು ಹೋದ ಮುದುಕ ನಮ್ಮನೆ ಇರೋ ಊರು, ಬೀದಿ ಎಲ್ಲಾ ಮಠದ ಪುಸ್ತಕದಲ್ಲಿ ಬರೆಸಿದಾನಂತೆ," ಅಂದ ಚೆನ್ನಂಜ, ಸ್ವಲ್ಪ ತಣ್ಣಗಾಗಿ. "ಹುಡುಕ್ಕೊಂಡು ಹೋಗ್ತೀನಿ. ಆ ಮನೆ ನೋಡಿ ಬಂದು ಇದನ್ನ ಮಾಡ್ತೀನಿ. ಅಪ್ಪಣೆ ಕೊಡಿ."

"ನವರಾತ್ರಿ ಹತ್ರ ಬಂತು. ಗೊಂಬೆ ಮನೆಗಳನ್ನ ಪೇಟೆಗೆ ಒಯ್ಯೋರು ಯಾರು?"

ಪ್ರತಿ ವರ್ಷ ಆ ಎರಡು ವಾರ ಗೊಂಬೆ ಮನೆಗಳನ್ನು ಗಾಡಿಯಲ್ಲಿ ಪೇಟೆಗೆ ಒಯ್ದು ಕೊಟ್ಟು ಬರುವುದು ಅವನದೇ ಕೆಲಸವಾಗಿತ್ತು.

"ಹೋಗು ಹೋಗು," ಅಂದರು ಅವರು. "ಗಾಡಿಯವನೇ ಕೊಟ್ಟು ಬರ್ತಾನೆ. ಬುತ್ತಿ ಕಟ್ಕೊಂಡು ಹೋಗು, ದಾರೀಲಿ ಏನೂ ಸಿಕ್ಕಲ್ಲ."

ಬುತ್ತಿ ಅವರೇ ಕಟ್ಟಿದರು.

ಹತ್ತನೇ ದಿನ ಮಧ್ಯಾಹ್ನ ಚೆನ್ನಂಜ ವಾಪಸು ಬಂದ. ಜಗಲಿಯ ಮೇಲೆ ಚೀಲ ಇಟ್ಟ. ಅಕ್ಕಯ್ಯಮ್ಮನವರು ಒಂದು ಪುಟ್ಟ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ.

"ಸಿಕ್ತಾ?"

"ಸಿಕ್ತು. ಮನೆಯಲ್ಲ, ಜಾಗ. ಹಳೇದು ಬಿದ್ದುಹೋಗಿ ಬೇರೆ ಯಾರೋ ಕಟ್ಟಿಸಿದಾರೆ. ತಾರಸಿ ಮನೆ. ನಮ್ಮೋರ ಹೆಸರು ಕೂಡ ಅವರಿಗೆ ಗೊತ್ತಿಲ್ಲ. ಒಳ್ಳೇ ಜನ. ಒಳಗೆ ಕರೆದು ಮಜ್ಜಿಗೆ ಕೊಟ್ರು."

"ಕುಡಿದ್ಯಾ?"

"ಕುಡಿದೆ. ಅಲ್ಲಿ ಗೋಡೆ ಪಕ್ಕ ಕೂತಿದ್ದೆ. ಏನಾದ್ರೂ ನೆನಪು ಬರುತ್ತೆ ಅನ್ಕೊಂಡೆ. ಬರ್ಲಿಲ್ಲ. ಮಂದಿ ಮನೆ ಅಂತ ಬೆನ್ನು ನೆಟ್ಟಗೇ ಇಟ್ಕೊಂಡು ಕೂತಿದ್ದು ಬಂದೆ."

ಅಷ್ಟು ಹೇಳಿ ಮೊಣಕಾಲಿನ ಮಧ್ಯೆ ತಲೆ ಇಟ್ಟು ಅತ್ತ. ಗಂಡಸು ಅಳಬಾರದು ಅನ್ನುವವರು ಅಲ್ಲಿ ಇರಲಿಲ್ಲ. ಒಂದು ಕೋಳಿ ಇತ್ತು, ಅದೂ ಆಚೆ ಹೋಯಿತು.

ಅಕ್ಕಯ್ಯಮ್ಮನವರು ಬಣ್ಣದ ಕುಂಚ ತೊಳೆದಿಟ್ಟರು.

"ಹಸಿವಾಗಿದೆಯಾ?"

"ಹ್ಞೂಂ."

"ಕೈಕಾಲು ತೊಳ್ಕೊ."

ಅವರು ಒಳಗೆ ಹೋಗಿ ತಟ್ಟೆ ಹಾಕಿದರು.

ಮಾರನೆಯ ದಿನ ಬೆಳಿಗ್ಗೆ ಸುಣ್ಣ ಹೊಡೆಯುವ ಕಾಳಯ್ಯ ಬಂದ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಆಗಬೇಕಲ್ಲ. ಕಾಳಯ್ಯನನ್ನು ಚೆನ್ನಂಜ ಊರಲ್ಲಿ ಕಂಡಿದ್ದ, ಕೆಲಸ ಮಾಡುವುದು ಕಂಡಿರಲಿಲ್ಲ. ಅವನು ಬರುವ ಹೊತ್ತಿಗೆ ಪ್ರತಿ ವರ್ಷ ತಾನು ಪೇಟೆಯಲ್ಲಿರುತ್ತಿದ್ದ.

ಕೆಲಸದ ಕೋಣೆಯ ಸಾಮಾನೆಲ್ಲ ಅಂಗಳಕ್ಕೆ ಹಾಕಿದರು. ಮರದ ತುಂಡು, ಅಂಟಿನ ಮಡಕೆ, ಬಣ್ಣದ ಚಿಪ್ಪು. ಚೆನ್ನಂಜನ ಮಣೆ, ಅದರ ಹಿಂದೆ ಗೋಡೆಗೆ ತೂಗಿದ್ದ ಗೋಣಿ ತಾಟು.

ಅಕ್ಕಯ್ಯಮ್ಮನವರು ಬಾವಿಯ ಹತ್ತಿರ ಇದ್ದರು. ಕಾಳಯ್ಯ ಮೂರು ಗೋಡೆ ಮುಗಿಸಿ ನಾಲ್ಕನೆಯದಕ್ಕೆ ಕುಂಚ ಅದ್ದಿದ.

"ಏಯ್! ನಿಲ್ಸೋ!"

ಬಾವಿಯಿಂದ ಬಂದ ಕೂಗು ಅದು. ಹಿಂದೆಯೇ ಅವರೂ ಬಂದರು. ಆ ವಯಸ್ಸಿನಲ್ಲಿ ಓಡಿಕೊಂಡು ಬಂದರು, ಒದ್ದೆ ಸೆರಗು ನೆಲಕ್ಕೆ ಎಳೆಯುತ್ತಿತ್ತು.

"ನೂರು ಸಲ ಹೇಳಿದೀನಿ ನಿನಗೆ! ಅಲ್ಲಿ ಕುಂಚ ತಾಗಿಸಿದ್ರೆ ಕೈ ಮುರೀತೀನಿ!"

"ತಾಗಿಸಿಲ್ಲ ಕಣವ್ವಾ, ಸುತ್ತ ಹೊಡೀತಾ ಇದೀನಿ," ಅಂದ ಕಾಳಯ್ಯ. ಆಮೇಲೆ ಚೆನ್ನಂಜನ ಕಡೆ ತಿರುಗಿ ದೂರಿದ. "ನೋಡಪ್ಪಾ ನೀನೇ ನ್ಯಾಯ ಹೇಳು. ವರ್ಷಾ ವರ್ಷಾ ಇದೇ ಗೋಳು. ಇಡೀ ಮನೆ ಹಾಲಿನ ಹಂಗೆ ಬಿಳುಪು ಮಾಡಿಸ್ತಾರೆ, ಇಲ್ಲಿ ಮಾತ್ರ ಎರಡು ಮೊಳ ಬಿಡಿಸ್ತಾರೆ. ಕಂಡೋರು ಏನಂತಾರೆ? ಕಾಳಯ್ಯ ಕಳ್ಳಗೆಲಸ ಮಾಡವ್ನೆ ಅಂತಾರೆ. ನನ್ನ ಹೆಸರು ಕೆಡ್ತದೆ."

ಚೆನ್ನಂಜ ಗೋಡೆ ನೋಡಿದ.

ಅದು ಅವನು ಕೂರುವ ಜಾಗ. ಬೆನ್ನ ಹಿಂದಿನ ಗೋಡೆಯನ್ನು ಯಾರು ನೋಡುತ್ತಾರೆ? ಹನ್ನೊಂದು ವರ್ಷ ಅದಕ್ಕೆ ಒರಗಿ ಕೂತಿದ್ದ, ಒಂದು ದಿನವೂ ತಾಟು ಸರಿಸಿ ನೋಡಿರಲಿಲ್ಲ.

ಗೋಡೆಯ ಮೇಲೆ, ತಾಟಿನಿಂದ ಇಳಿದ ಎಣ್ಣೆ ಕಲೆ ಇತ್ತು. ಶನಿವಾರ ಶನಿವಾರ, ಬೇಡ ಬೇಡ ಅಂದರೂ ಬಿಡದೆ, ಅಕ್ಕಯ್ಯಮ್ಮನವರು ಅವನ ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದ ಹರಳೆಣ್ಣೆ ಅದು. ಆದರೆ ದೊಡ್ಡ ಗಂಡಸಿನ ತಲೆಯಷ್ಟು ಒಂದೇ ಕಲೆಯಾಗಿರಲಿಲ್ಲ. ಕೆಳಗಿನಿಂದ ಶುರುವಾಗಿತ್ತು. ಅಲ್ಲೊಂದು ಚಿಕ್ಕದು, ತೆಳ್ಳಗೆ, ಹದಿಮೂರು ವರ್ಷದ ತಲೆಯದು. ಅದರ ಮೇಲೆ ಒಂದು ಬೆರಳಿನಷ್ಟು ಎತ್ತರಕ್ಕೆ ಇನ್ನೊಂದು. ಅದರ ಮೇಲೆ ಇನ್ನೊಂದು. ಹದಿನಾಲ್ಕು, ಹದಿನೈದು, ಹದಿನಾರು. ಗೋಡೆಯ ಮೇಲೆ ಒಬ್ಬ ಹುಡುಗ ಎತ್ತರ ಆಗುತ್ತಾ ಹೋಗಿದ್ದ.

ಬಲಗಡೆ ಬಣ್ಣದ ಬೆರಳಿನ ಗುರುತು. ಕೆಂಪು, ಹಳದಿ, ಗಿಳಿ ಹಸಿರು. ಬಟ್ಟೆಗೆ ಒರಸು ಅಂತ ಎಷ್ಟು ಬೈದಿದ್ದರೂ ಅವನು ತಾಟಿನ ಹಿಂದೆ ಕೈ ತೂರಿಸಿ ಗೋಡೆಗೇ ಒರಸುತ್ತಿದ್ದ.

ಚೆನ್ನಂಜ ಹೋಗಿ ಅಲ್ಲಿ ಕೂತ. ಹಿಂದಕ್ಕೆ ಒರಗಿದ. ಬೆನ್ನು ತಾನಾಗಿ ಬಾಗಿತು, ತಲೆ ಹೋಗಿ ಎಲ್ಲಕ್ಕಿಂತ ಮೇಲಿನ ಕಲೆಗೆ ಕೂತಿತು.

ಕಾಳಯ್ಯನ ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು.

"ಇದನ್ನ ಯಾಕೆ ಉಳಿಸಿಕೊಂಡ್ರಿ ಅಮ್ಮಾವ್ರೆ?"

"ನೀನು ಪೇಟೆಗೆ ಹೋದ್ರೆ ಎರಡು ವಾರ ಬರಲ್ಲ," ಅಂದರು ಅಕ್ಕಯ್ಯಮ್ಮನವರು. "ಅಷ್ಟು ದಿನ ನಾನು ಏನು ನೋಡ್ಕೊಂಡು ಕೂರ್ಲಿ?"

ಹೇಳಿದ ಕೂಡಲೇ ಕಾಳಯ್ಯನ ಮೇಲೆ ಹರಿಹಾಯ್ದರು. ನೆಲಕ್ಕೆಲ್ಲ ಸುಣ್ಣ ಚೆಲ್ಲಿದೀಯ, ಕಣ್ಣು ಕಾಣಲ್ವಾ ಅಂತ.

ಆ ವಾರ ಚೆನ್ನಂಜ ತನ್ನ ಗೊಂಬೆ ಮನೆಯನ್ನು ಮತ್ತೆ ಎತ್ತಿಕೊಂಡ. ಮಂದಿಯ ಕಲೆಗಳನ್ನೆಲ್ಲ ಕೆರೆದು ತೆಗೆದ. ಎಡಚಿ ಹೋದಳು, ಆರಡಿ ಆಳು ಹೋದ, ಕಿಟಕಿಯ ದಾರ ಹೋಯಿತು. ಹೊಸ್ತಿಲು ಬದಲಾಯಿಸಿದ. ಗೋಡೆಗೆಲ್ಲ ತೆಳ್ಳಗೆ ಸುಣ್ಣ ಬಳಿದ.

ಪಡಸಾಲೆಯ ಮೂಲೆಯಲ್ಲಿ ಬೆರಳ ಗೆಣ್ಣಿನಷ್ಟು ಉದ್ದದ ಒಂದು ಮಣೆ ಇಟ್ಟ. ನಾಲ್ಕು ಬೆರಳು ಆಚೆ ಅದರ ಎದುರಿಗೆ ಇನ್ನೊಂದು ಮಣೆ.

ಹತ್ತಿಯ ಎಳೆಯೊಂದನ್ನು ಹೊಸೆದು ಹರಳೆಣ್ಣೆಗೆ ಅದ್ದಿದ. ಮೊದಲನೆಯ ಮಣೆಯ ಹಿಂದಿನ ಗೋಡೆಗೆ ಒಮ್ಮೆ ಒತ್ತಿದ. ಎಳ್ಳಿನಷ್ಟು ಕಲೆ ಆಯಿತು. ಅದು ಆರುವವರೆಗೆ ಕಾದು, ಅದರ ಮೇಲೆ ಇನ್ನೊಂದು ಒತ್ತಿದ. ಹನ್ನೊಂದು ಸಲ ಒತ್ತಿದ.

ಎದುರಿನ ಮಣೆಯ ಹತ್ತಿರ, ನೆಲದಲ್ಲಿ, ಏನೋ ಒಂದು ಮಾಡಿದ. ನೋಡುವವರೆಗೆ ಅದನ್ನು ಯಾರಿಗೂ ಹೇಳಲಿಲ್ಲ.

"ಅಮ್ಮಾವ್ರೆ."

ಅವರು ಬಂದರು. ಸೊಂಟ ನೋವು ಅಂತ ಗೊಣಗುತ್ತಾ ಮಲಗಿದರು. ಕೆನ್ನೆ ನೆಲಕ್ಕೆ, ಒಂದು ಕಣ್ಣು ಮುಚ್ಚಿ.

ನೋಡಿದರು.

"ಹುಡುಗ ಇದಾನೆ," ಅಂದರು ಸ್ವಲ್ಪ ಹೊತ್ತಿಗೆ.

"ಹ್ಞೂಂ."

"ಎದುರುಗಡೆ ಇದ್ಯಾರೋ? ನೆಲದಲ್ಲಿ ಉದ್ದಕ್ಕೆ ನುಣುಪಾಗಿದೆಯಲ್ಲ, ಯಾರೋ ದಿನಾ ಹೊರಳಾಡಿದ ಹಾಗೆ?"

"ಯಾರೋ ಒಬ್ಬರು ಮುದುಕಿ. ಹುಡುಗ ಮಾಡಿದ್ದನ್ನೆಲ್ಲ ಬೋರಲು ಮಲಗಿ ನೋಡ್ತಾರೆ. ನೋಡಿ ಬೈತಾರೆ."

ಅಕ್ಕಯ್ಯಮ್ಮನವರು ಎದ್ದೇಳಲಿಲ್ಲ. ಮುಚ್ಚಿದ ಕಣ್ಣನ್ನು ತೆರೆಯಲೂ ಇಲ್ಲ. ಬಹಳ ಹೊತ್ತು ಹಾಗೇ ಇದ್ದರು. ಚೆನ್ನಂಜ ಗಾಬರಿಯಾಗಿ ಅವರ ಭುಜ ಮುಟ್ಟಿದ.

"ಸುಮ್ನಿರೋ," ಅಂದರು. "ನೋಡ್ತಾ ಇದೀನಿ."

ಆಮೇಲೆ ಅವನ ಕೈ ಹಿಡಿದುಕೊಂಡು ಎದ್ದರು. ಗೊಂಬೆ ಮನೆಯ ಮುಂಬಾಗಿಲು ಮುಚ್ಚಿ, ಅಕ್ಕಿ ಕಾಳಿನಷ್ಟು ಚಿಲಕವನ್ನು ಉಗುರಿನ ತುದಿಯಿಂದ ಹಾಕಿದರು. ಅದರ ಹೊಸ್ತಿಲಿಗೆ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು. ಗುರು ಒಪ್ಪಿದ್ದಕ್ಕೆ ಅದೇ ಗುರುತು.

ಒಪ್ಪಿದರೆ ಹೊರಡಬೇಕು. ಕಟ್ಟಳೆ ಇಬ್ಬರಿಗೂ ಗೊತ್ತಿತ್ತು.

"ನಾನು ಹೋಗಲ್ಲ," ಅಂದ ಚೆನ್ನಂಜ.

"ಹೋಗ್ಬೇಕು."

"ಹೋದ ತಿಂಗಳು ಹೋಗು ಅಂದಿದ್ರೆ ಹೋಗ್ತಿದ್ದೆ ಅಮ್ಮಾವ್ರೆ. ಎಲ್ಲಿಗೆ ಅಂದ್ರೆ ಅಲ್ಲಿಗೆ. ಆಗ ಬಿಟ್ಟು ಹೋಗೋಕೆ ನನಗೆ ಮನೆ ಇರ್ಲಿಲ್ಲ. ಈಗ ಇದೆ. ಈಗ ಹೋಗು ಅಂತೀರಲ್ಲ."

ಅಕ್ಕಯ್ಯಮ್ಮನವರು ಗೊಂಬೆ ಮನೆಗೆ ಹಳೆಯ ಸೀರೆಯೊಂದನ್ನು ಸುತ್ತಿ, ಮೂಲೆ ತಾಗದ ಹಾಗೆ ನಾಲ್ಕೂ ಕಡೆ ಗಂಟು ಹಾಕಿದರು. ಗಂಟು ಸರಿಯಾಗಿರಲಿಲ್ಲ ಅಂತ ಬಿಚ್ಚಿ ಇನ್ನೊಮ್ಮೆ ಹಾಕಿದರು. ಆಮೇಲೆ ಅದನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಹೊರಡು. ಆದ್ರೆ ಸುಣ್ಣ ಹೊಡೆಯೋ ಹೊತ್ತಿಗೆ ವರ್ಷಾ ವರ್ಷಾ ಬಂದ್ಬಿಡು. ಆ ಕಾಳಯ್ಯನ ಹತ್ರ ಜಗಳ ಆಡೋಕೆ ಇನ್ಮೇಲೆ ನನ್ನ ಕೈಲಾಗಲ್ಲ."